ಹುಣಸೆಮರದ ಹುಳಿ ಮಾತು

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಫೆಬ್ರವರಿಯ ಬೆಳಿಗ್ಗೆ ಹಿತ್ತಲ ಹಳೇ ಹುಣಸೆಮರವನ್ನು ಮಾತಾಡಿಸಲು ಬೆಂಗಳೂರಿನ ವರದಿಗಾರನೊಬ್ಬ ಕೊಡೆ ಬಿಚ್ಚಿಕೊಂಡು ನಿಂತಿದ್ದ. ಮಳೆಯೇನೂ ಇರಲಿಲ್ಲ. ಮೇಲೆ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳಿದ್ದವು.

"ಅಜ್ಜ, ವನ್ಯಜೀವಿ ಸಂರಕ್ಷಣೆಯಲ್ಲಿ ಸಾರ್ವಜನಿಕ ಸಹಭಾಗಿತ್ವದ ಬಗ್ಗೆ ತಮ್ಮ ಅನಿಸಿಕೆ?"

"ಅಷ್ಟುದ್ದದ ಮಾತು ನಂಗೆ ಗೊತ್ತಾಗಾಕಿಲ್ಲ ಕಣಪ್ಪ. ಹುಣಸೆ ಬಡಿಯೋ ಹೊತ್ಗೇ ಸರಿಯಾಗಿ ಇವು ಬಾಣಂತನಕ್ಕೆ ತವರಿಗೆ ಬತ್ತವೆ. ಗಳ ಬೀಸಿದ್ರೆ ಕಾಯೂ ಉದುರ್ತದೆ, ಗೂಡೂ ಉದುರ್ತದೆ. ನಮ್ಮ ಯಜಮಾನ ಗಳ ಗೋಡೆಗೆ ಒರಗಿಸ್ಬುಟ್ಟು ಸುಮ್ನಾಯ್ತಾನೆ. ನೀನೇಳೋದು ಇದೇಯಾ?"

ಇದೇ ಇರಬೇಕೆಂದು ವರದಿಗಾರ ಬರೆದುಕೊಂಡ. ಬಡಿಯದೆ ಬಿಟ್ಟ ಹುಣಸೆಗೆ ಅರಣ್ಯ ಇಲಾಖೆ ಪರಿಹಾರ ಕೊಡುವುದುಂಟು. ಅದು ಸಾಲುತ್ತದೆಯೇ ಎಂದು ಕೇಳಿದ. ಮರ ಒಂದು ಕಾಯಿ ಉದುರಿಸಿ, "ಬಾಯಿಗಾಕ್ಕೊಂಡು ನೋಡು" ಎಂದಿತು. ಅವನ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.

"ಅಂದ್ರೆ ಬರೀ ತ್ಯಾಗ?"

"ಧರ್ಮಕ್ಕೆ ಅಂತ ಬರೀಬ್ಯಾಡ. ಇವುಗಳ ಹಿಕ್ಕೆ ಗದ್ದೆಗೆ ಒಳ್ಳೇ ಗೊಬ್ಬರ. ಹಕ್ಕಿ ಬಂದ್ರೆ ಊರಿಗೆ ಒಳ್ಳೇದು ಅನ್ನೋ ನಂಬ್ಕೆ ಬೇರೆ."

ಹಿಂದೆ ಶಿಂಷಾ ದಂಡೆಯಲ್ಲಿದ್ದ ಊರು ಪ್ಲೇಗಿಗೆ ಹೆದರಿ ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಊರಿನವರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ಗೂಡುಗಳನ್ನು ಹೊರಜಗತ್ತಿಗೆ ಪರಿಚಯಿಸಿದರು. ವರದಿಗಾರ ಬಳಸಿದ 'ಪತ್ತೆಹಚ್ಚಿದರು' ಎಂಬ ಪದಕ್ಕೆ ಮರದ ತಕರಾರಿತ್ತು: "ನಾವೇನು ಕಳೆದೋಗಿದ್ವಾ?" 2007ರಲ್ಲಿ ಊರು ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಹಿತ್ತಲು ಯಜಮಾನನದ್ದೇ, ಗೂಡು ಹಕ್ಕಿಯದ್ದೇ, ಹೆಸರು ಮಾತ್ರ ಹೊಸದು.

ಗೂಡಿನಿಂದ ಬಿದ್ದ ಮರಿಗಳನ್ನು ಊರಿನವರದ್ದೇ ಗುಂಪಾದ ಹೆಜ್ಜಾರ್ಲೆ ಬಳಗದವರು ಬಲೆಯ ಆವರಣದೊಳಗೆ ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. ಈ ವಿಷಯ ಬಂದಾಗ ಮಾತ್ರ ಮರದ ದನಿ ಮೆತ್ತಗಾಯಿತು.

"ಪೇಟೆಯೋರ ಸಹಭಾಗಿತ್ವ ಹೆಂಗಿದೆ?"

"ಬತ್ತಾರೆ. ಕೂತಿರೋ ಹಕ್ಕಿ ಫೋಟೋಕ್ಕೆ ಚೆನ್ನಾಗಿರಾಕಿಲ್ಲ ಅಂತ ಚಪ್ಪಾಳೆ ತಟ್ಟಿ ಎಬ್ಬಿಸ್ತಾರೆ. ಪರಿಸರ ಉಳಿಸಿ ಅಂತ ಅಂಗಿ ಮ್ಯಾಲೆ ಬರ್ಕೊಂಡಿರ್ತಾರೆ, ಓದೀನಿ."

ವರದಿಗಾರ ತನ್ನ ಅಂಗಿ ನೋಡಿಕೊಂಡ. ಸದ್ಯ, ಗೆರೆ ಅಂಗಿ.

ಆಮೇಲೆ ಮರವೇ ಪ್ರಶ್ನೆ ಹಾಕಿತು. 2017ರ ಕೊನೆಯಿಂದ ಮುಂದಿನ ವರ್ಷದವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಿದ್ದವು. ಹೊಟ್ಟೆಯಲ್ಲಿ ಜಂತುಹುಳು ಸಿಕ್ಕವು. ತಿಂದ ಮೀನಿನಿಂದ ಬಂದಿರಬೇಕೆಂದು ಪರೀಕ್ಷಿಸಿದವರು ಹೇಳಿದರು. "ಗೂಡಿಗೆ ಜಾಗ ನಾವು ಕೊಟ್ಟೊ. ಊಟ ಕೊಡೋ ಕೆರೆ, ಹೊಳೆ ಯಾರ್ದಪ್ಪ? ಅದ್ರಲ್ಲಿ ಗಲೀಜು ಬಿಡೋರು ಯಾವ ಊರೋರು?"

ತಾನು ಬೆಂಗಳೂರಿನವನೆಂದು ವರದಿಗಾರ ಮೊದಲೇ ಹೇಳಿಬಿಟ್ಟಿದ್ದ. ಮಾತು ಬದಲಿಸಿ, ಕೊಡೆ ಪಕ್ಕಕ್ಕೆ ವಾಲಿಸಿ ಮೊಬೈಲ್ ಎತ್ತಿದ. "ಓದುಗರಿಗೆ ತಮ್ಮ ಸಂದೇಶ, ಅಜ್ಜ?"

ಉತ್ತರ ಮೇಲಿನ ಗೂಡಿನಿಂದ ಬಂತು. ಅರ್ಧ ಅರಗಿದ ಮೀನು, ನೇರ ಹೆಗಲ ಮೇಲೆ. ಬೆಂಗಳೂರು ಮುಟ್ಟುವವರೆಗೂ ಕಾರಿನ ನಾಲ್ಕೂ ಗಾಜು ಇಳಿಸಿಕೊಂಡೇ ಹೋದನಂತೆ.