ಅಥಾತೋ ಜಿಮ್ಮಜಿಜ್ಞಾಸಾ: ಮರುವ್ಯಾಯಾಮ ಶಾಸ್ತ್ರಕ್ಕೊಂದು ಪೀಠಿಕೆ

ಶಾಸ್ತ್ರಗ್ರಂಥ ಎಂದಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಈ ನಾಲ್ಕನ್ನೂ ಆರಂಭದಲ್ಲೇ ಹೇಳಿಬಿಡಬೇಕು. ಇಲ್ಲವಾದರೆ ವಿದ್ವಾಂಸರು ಪುಟ ತಿರುವುವುದಿಲ್ಲ. ಪ್ರಕೃತ ಶಾಸ್ತ್ರದ ವಿಷಯ, ವರ್ಷಗಟ್ಟಲೆ ಬಿಟ್ಟ ವ್ಯಾಯಾಮವನ್ನು ಮತ್ತೆ ಹಿಡಿಯುವುದು. ಪ್ರಯೋಜನ, ಪ್ಯಾಂಟಿನ ಗುಂಡಿ. ಸಂಬಂಧವೆಂದರೆ ಆ ಗುಂಡಿಗೂ ಅದರ ಕಾಜಾಕ್ಕೂ ಹಿಂದೆ ಇದ್ದು ಈಗ ಕಡಿದುಹೋಗಿರುವುದು. ಇಷ್ಟರಲ್ಲಿ ಯಾರ ತಕರಾರೂ ಇಲ್ಲ. ಗ್ರಂಥ ಬೆಳೆಯುವುದೆಲ್ಲ ಅಧಿಕಾರಿಯ ಸುತ್ತ.

ಗರಡಿಯ ಹೊಸ್ತಿಲನ್ನೇ ತುಳಿಯದವನು ಈ ವಿದ್ಯೆಗೆ ಅಧಿಕಾರಿಯಲ್ಲ. ಅವನಿಗೆ ಭಯವಿದೆ, ಭಯವಿದ್ದವನಿಗೆ 2 ಕೇಜಿಯ ಡಂಬ್‌ಬೆಲ್ ಸಾಕು, ಶಾಸ್ತ್ರ ಬೇಡ. ಒಂದು ಕಾಲದಲ್ಲಿ ಮಾಡಿ ಬಿಟ್ಟವನೇ ಮುಖ್ಯಾಧಿಕಾರಿ. ಸಂನ್ಯಾಸಿಗಳು ಪೂರ್ವಾಶ್ರಮದ ಹೆಸರನ್ನೂ ಎತ್ತುವುದಿಲ್ಲ. ಇವನಾದರೋ ಪೂರ್ವಾಶ್ರಮದ ತೂಕವನ್ನೇ ಎತ್ತಲು ಹೊರಡುತ್ತಾನೆ. ಪ್ರಮಾಣ ಬೇಕೆಂಬವರು ಯಾವ ಜಿಮ್ಮಿನಲ್ಲಾದರೂ ಮೊದಲ ದಿನ ನಡೆಯುವ ಈ ಸಂವಾದವನ್ನು ಪರಾಮರ್ಶಿಸಬಹುದು:

“ಮುಂಚೆ ವರ್ಕ್‌ಔಟ್ ಮಾಡಿದ್ರಾ ಸಾರ್?”

“ಏನಪ್ಪಾ ಹಂಗಂತೀಯ! ಬೆಂಚ್ ಪ್ರೆಸ್ 80 ಕೇಜಿ ಹೊಡೀತಿದ್ದೆ.”

“ಸೂಪರ್ ಸಾರ್. ಯಾವಾಗ?”

“ಮದುವೆಗೆ ಮುಂಚೆ.”

“ಮಕ್ಕಳು ಸಾರ್?”

“ದೊಡ್ಡವಳು ಈಗ ಪಿಯುಸಿ.”

ಟ್ರೈನರ್ ಹುಡುಗ ಮರುಮಾತಾಡದೆ, ಪ್ಲೇಟುಗಳನ್ನೆಲ್ಲ ಕಳಚಿ ಬರೀ ರಾಡನ್ನು ಕೈಗೆ ಕೊಡುತ್ತಾನೆ. ಅಧಿಕಾರಿಗೆ ಅವಮಾನವಾಗುತ್ತದೆ. ಬರೀ ರಾಡೇ 20 ಕೇಜಿ ಎಂಬುದು ಐದನೇ ಸಲ ಎತ್ತುವಾಗ ನೆನಪಿಗೆ ಬರುತ್ತದೆ.

ಪ್ರಾಚೀನರು ಇದನ್ನು ಬಲ್ಲರು. ವ್ಯಾಯಾಮವನ್ನು ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದು ಸುಶ್ರುತ ವಿಧಿಸಿದ್ದಾನೆ. ಬಾಯಲ್ಲಿ ಉಸಿರಾಡುವಂತಾದರೆ ಅರ್ಧ ಮುಗಿಯಿತೆಂಬ ಲಕ್ಷಣವನ್ನೂ ಕೊಟ್ಟಿದ್ದಾನೆ. ಶೂ ಲೇಸು ಕಟ್ಟಲು ಬಗ್ಗಿದಾಗಲೇ ಈ ಲಕ್ಷಣ ಕಾಣಿಸಿಕೊಂಡು, ಅಂದಿನ ವಿಧಿ ಅಲ್ಲಿಗೇ ಸಮಾಪ್ತಿಯಾದ ಅಧಿಕಾರಿಗಳುಂಟು. ವಾಗ್ಭಟನೂ ಅರ್ಧಶಕ್ತಿಯ ಪಕ್ಷದವನೇ. ಆದರೆ ಆ ಅರ್ಧವೂ ಬಲಿಷ್ಠರಿಗೆ, ಜಿಡ್ಡಿನ ಆಹಾರ ಉಣ್ಣುವವರಿಗೆ ಎಂದು ಎರಡು ಅರ್ಹತೆಗಳನ್ನು ಅವನು ಹಾಕಿದ್ದಾನೆ. ನಮ್ಮ ಅಧಿಕಾರಿ ಎರಡನೆಯದನ್ನು ಬೆಣ್ಣೆದೋಸೆಯ ಮೂಲಕ ಯಥೇಚ್ಛವಾಗಿ ಸಂಪಾದಿಸಿರುತ್ತಾನೆ. ಮೊದಲನೆಯದು ಬಾಕಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಅರ್ಧ ಸರಿ, ಯಾವ ವರ್ಷದ ಬಲದ ಅರ್ಧ? ಪೂರ್ವಾಶ್ರಮದ 80ರಲ್ಲಿ ಅರ್ಧವೆಂದರೆ 40. ಇವತ್ತಿನ ಪೂರ್ಣಬಲವೇ 30 ಇದ್ದರೆ, ಅರ್ಧವು ಪೂರ್ಣವನ್ನು ಮೀರುತ್ತದೆ. ಉಪನಿಷತ್ಕಾರರೂ ಎದುರಿಸದ ಗಣಿತ ಇದು. ಆದ್ದರಿಂದ ಅರ್ಧವನ್ನು ಇವತ್ತಿನ ಬಲದಿಂದಲೇ ಲೆಕ್ಕ ಹಾಕಬೇಕೆಂಬುದು ನಮ್ಮ ಸಿದ್ಧಾಂತ. ಮಿತಿಮೀರಿದವನ ಗತಿ ಆನೆಯನ್ನು ಎಳೆಯಹೋದ ಸಿಂಹದ ಗತಿಯೆಂದು ವಾಗ್ಭಟನೇ ಎಚ್ಚರಿಸಿದ್ದಾನೆ; ನಮ್ಮವನು ಸಿಂಹವೂ ಅಲ್ಲದಿರುವುದರಿಂದ ಪರಿಸ್ಥಿತಿ ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯೆಂಬ ನವೀನ ಸ್ಮೃತಿಕಾರರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥದ್ದನ್ನೂ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತನ್ನೂ ವಿಧಿಸಿ, ಏನೂ ಮಾಡದಿರುವುದಕ್ಕಿಂತ ತುಸು ಮಾಡುವುದು ಲೇಸೆಂದು ಕರುಣೆ ತೋರಿದ್ದಾರೆ. 150ನ್ನೂ ಒಂದೇ ಭಾನುವಾರ ತೀರಿಸುವ ವ್ರತ ಮೊದಲ ವಾರದವನಿಗೆ ನಿಷಿದ್ಧ.

ಇನ್ನು ನೋವಿನ ಪ್ರಕರಣ. ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣವೆಂಬುದು ಪೂರ್ವಪಕ್ಷ. ಪ್ರೋಟೀನ್ ಡಬ್ಬಿ ಮಾರುವವರು, ಭಾವಮೈದುನರು ಮುಂತಾದವರು ಇದನ್ನು ಎತ್ತಿಹಿಡಿಯುತ್ತಾರೆ. ಇದು ನ್ಯಾಯಸಮ್ಮತವಲ್ಲ. ಆ ಲ್ಯಾಕ್ಟಿಕ್ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಇಳಿದುಹೋಗುತ್ತದೆ, ನೋವು ಮುತ್ತುವುದು ಒಂದರಿಂದ ಮೂರನೇ ದಿನದೊಳಗೆ. ಕಾರಣ ಊರು ಬಿಟ್ಟ ಮೇಲೆ ಕಾರ್ಯ ಬಂದು ಬಾಗಿಲು ತಟ್ಟೀತೆ? ಸ್ನಾಯುವಿನೊಳಗಿನ ಸಣ್ಣ ಹರುಕುಗಳೇ ಕಾರಣವಿರಬೇಕೆಂದು ಅಮೆರಿಕದ ಥಿಯೋಡೋರ್ ಹಾಫ್ 1902ರಲ್ಲೇ ತರ್ಕಿಸಿದ್ದ. ಸ್ನಾಯು ಭಾರ ಹೊತ್ತು ಉದ್ದವಾಗುವಾಗ ಈ ಹರುಕು ಹೆಚ್ಚು; ಅಂದರೆ ಏರುವಾಗಿಗಿಂತ ಇಳಿಯುವಾಗ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಬಸ್ಸಿನಲ್ಲಿ ಇಳಿದವನಿಗೂ, ಹರಕೆಯಂತೆ ಮೆಟ್ಟಿಲಲ್ಲೇ ಇಳಿದವನಿಗೂ ಮರುದಿನದ ಪಾಡು ಬೇರೆಬೇರೆ. ಎರಡನೆಯವನು ಸಿಟಿ ಬಸ್ಸಿನಿಂದ ಇಳಿಯುವುದನ್ನು ಸಂಶೋಧಕರು ಅವಶ್ಯ ನೋಡಬೇಕು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಮುಖವನ್ನು ಬಸ್ಸಿನ ಕಡೆಗೇ ತಿರುಗಿಸಿ, ಒಂದು ಕಾಲನ್ನು ಹಿಂದಕ್ಕೆ ಚಾಚಿ, ನೆಲ ಇದೆಯೇ ಎಂದು ಹೆಬ್ಬೆರಳಿನಿಂದ ಹುಡುಕುತ್ತಾನೆ. “ಬೇಗ ಇಳೀರಿ ಯಜಮಾನ್ರೇ” ಎನ್ನುವ ಕಂಡಕ್ಟರಿಗೆ ಸ್ನಾಯುಶಾಸ್ತ್ರದ ಪರಿಚಯವಿಲ್ಲ.

ಅದೇ ಬಸ್ಕಿಯನ್ನು ವಾರ ಬಿಟ್ಟು ಮತ್ತೆ ಹೊಡೆದರೆ ನೋವು ಮೊದಲಿನ ಪ್ರಮಾಣದಲ್ಲಿ ಬರುವುದಿಲ್ಲ ಎಂಬುದು ಸಿದ್ಧಪಟ್ಟ ಸಂಗತಿ. ದುರ್ದೈವದಿಂದ ಬಹುಪಾಲು ಅಧಿಕಾರಿಗಳು ಈ ವಾರದಲ್ಲೇ ಶಾಸ್ತ್ರತ್ಯಾಗ ಮಾಡುತ್ತಾರೆ, ವರ್ಷದ ಫೀಸು ಕಟ್ಟಿದವರು ಒಂದೆರಡು ವಾರ ತಡವಾಗಿ.

ಸಮಾಧಾನದ ಮಾತೂ ಇದೆ. ಬೆಳೆದ ಸ್ನಾಯು ಸೊರಗಿದರೂ ಬೆಳೆಯುವಾಗ ಗಳಿಸಿದ ಕೋಶಕೇಂದ್ರಗಳು ಉಳಿದೇ ಇರುತ್ತವೆಂದು 2010ರಲ್ಲಿ ನಾರ್ವೆಯ ವಿಜ್ಞಾನಿಗಳು ತೋರಿಸಿದರು. ಪೂರ್ವಾಶ್ರಮ ಪೂರ್ತಿ ವ್ಯರ್ಥವಲ್ಲ ಎಂದಾಯಿತು. ಆದರೆ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಮನುಷ್ಯರ ಮಟ್ಟಿಗೆ ಚರ್ಚೆ ಇನ್ನೂ ಮುಗಿದಿಲ್ಲ. ವಾಹನಕ್ಕೆ ಸಿದ್ಧಿಸಿದ್ದು ಗಣಪತಿಗೂ, ವಿಶೇಷವಾಗಿ ಆ ಗಾತ್ರದ ಹೊಟ್ಟೆಗೂ, ಸಿದ್ಧಿಸಲೇಬೇಕೆಂಬ ನಿಯಮವಿಲ್ಲ.

ಬರಹಕ್ಕೂ ಬಸ್ಕಿಗೂ ಎಣ್ಣೆ-ಸೀಗೆಕಾಯಿ ಎಂದು ಈ ಲೇಖಕನನ್ನು ಆಕ್ಷೇಪಿಸುವವರಿಗೆ ಒಂದು ಮಾತು. ‘ಶಾಂತಲಾ’, ‘ರೂಪದರ್ಶಿ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ದೂರದೂರಿನವರಿಗೆ ಅಂಚೆಯಲ್ಲೂ ಪಾಠ ಕಳಿಸುತ್ತಿದ್ದವರು. ಉಳಿದ ನಾವು ಅಭಿನಂದನ ಗ್ರಂಥಗಳನ್ನು ಎತ್ತಿ ಅಭ್ಯಾಸವಿರುವವರು.

ಫಲಶ್ರುತಿ: ಇದನ್ನು ಒರಗಿ ಕೂತು ಓದಿದವರಿಗೆ ಕಾಲು ಫಲ, ನಿಂತು ಓದಿದವರಿಗೆ ಅರ್ಧ ಫಲ. ಪ್ರತಿ ಪ್ಯಾರಾಕ್ಕೆ ಎರಡರಂತೆ ಬಸ್ಕಿ ಹೊಡೆಯುತ್ತ ಓದಿದವರಿಗೆ ಪೂರ್ಣಫಲ, ನಾಡಿದ್ದು ನೋವು. ಓದದೆ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡಿದವರಿಗೆ ಬಲಗೈ ಹೆಬ್ಬೆರಳು ಮಾತ್ರ ವಜ್ರದಂತಾಗುತ್ತದೆ.