ಸಮಾಜ, ಮಂದಿ, ಮಾಲಿಪಾಟೀಲ

"ತಗೋ ತಂಗಿ, ಕಮಲಾಪುರದಿಂದ ಬಂದಾವ" ಅಂತ ಕಾಕಾ ಕಂಪೌಂಡ್ ಗೋಡೆಯ ಮೇಲೆ ಕೆಂಪು ಬಾಳೆಹಣ್ಣು ಇಟ್ಟವರು ಅಲ್ಲೇ ನಿಂತರು. ಮೊಮ್ಮಗಳಿಗೆ ವರ ನೋಡುತ್ತಿದ್ದಾರೆ. "ಫೋನ್ ಮಾಡಿದವ್ರೆಲ್ಲ ಮೊದಲ ಕೇಳೋದು, ನಿಮ್ದು ಯಾವ ಸಮಾಜ್ರೀ ಅಂತ. ಹುಡುಗಿ ಏನ್ ಓದ್ಯಾಳ ಅನ್ನೋದು ಆಮ್ಯಾಲ."

ನಮ್ಮ ಕಲಬುರಗಿ ಕಡೆ ಹಾಗೇ. ಜಾತಿ ಅನ್ನಲು ನಾಲಿಗೆ ಏಳುವುದಿಲ್ಲ, ಸಮಾಜ ಅಂದುಬಿಡುತ್ತೇವೆ. ಪಾಪ, ಆ ಶಬ್ದ ಹುಟ್ಟಿದ್ದು ಕೂಡಿಸಲಿಕ್ಕೆ. ಸಂಸ್ಕೃತದ 'ಅಜ್' ಅಂದರೆ ಅಟ್ಟು, ನಡೆಸು. 'ಸಮ್' ಸೇರಿದರೆ ಒಟ್ಟುಗೂಡಿಸು. ದನಗಳ ಹಿಂಡು 'ಸಮಜ', ಉಳಿದವರ ಗುಂಪು 'ಸಮಾಜ' ಅನ್ನುತ್ತದೆ ಅಮರಕೋಶ. ನಡುವೆ ಒಂದು ದೀರ್ಘದ ಅಂತರ ಅಷ್ಟೇ! ಅಶೋಕನ ಮೊದಲನೆಯ ಬಂಡೆ ಶಾಸನದಲ್ಲಂತೂ ಸಮಾಜ ಅಂದರೆ ಜನ ನೆರೆಯುವ ಜಾತ್ರೆಯಂಥ ಕೂಟ.

"ಶರಣಬಸಪ್ಪನ ಜಾತ್ರ್ಯಾಗ ತೇರು ಎಳಿಯೋವಾಗ ಬಾಜೂದವನ ಜಾತಿ ಯಾರ ಕೇಳ್ತಾರ?" ಅಂದರು ಕಾಕಾ.

ಅದಕ್ಕೇ ನನಗೆ 'ಮಂದಿ' ಅನ್ನೋ ನಮ್ಮ ಮಾತಿನ ಮೇಲೆ ಪ್ರೀತಿ. 'ನಾಕು ಮಂದ್ಯಾಗ ಮರ್ಯಾದಿ ಹೋಯ್ತು' ಅಂದರೆ ಯಾರೂ ತಲೆ ಎಣಿಸಲು ಹೋಗುವುದಿಲ್ಲ. ನಾಕು ಅಂದರೆ ಊರೆಲ್ಲ. ನೇರ ಅರ್ಥ ಹೊಂದದಿದ್ದಾಗ ಅದಕ್ಕೆ ಹತ್ತಿದ ಇನ್ನೊಂದು ಅರ್ಥ ಹಿಡಿಯುವುದಕ್ಕೆ ಶಾಸ್ತ್ರದವರು ಲಕ್ಷಣೆ ಅಂತಾರೆ. ಕಾಕಾಗೆ ಅದನ್ನು ಯಾವ ಸಾಲಿಯಲ್ಲೂ ಕಲಿಸಿಲ್ಲ. ಇದೇ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೇ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಅಲಂಕಾರಗಳನ್ನು ವಿವರಿಸುವ ಗ್ರಂಥ. ಓದು ಬಾರದವರೂ ಕಾವ್ಯದ ಹದ ಬಲ್ಲರು ಅಂತ ಈ ನಾಡಿನ ಮಂದಿಯನ್ನು ಅದು ಮೆಚ್ಚಿಕೊಂಡಿದೆ. ಕಾಕಾ ಮಾತಾಡುವುದು ಕೇಳಿದರೆ ಆ ಮೆಚ್ಚುಗೆ ಖರೇ ಅನ್ನಿಸುತ್ತದೆ.

ಈಗ ಬಂದಿರುವ ಸಂಬಂಧ ಮಾಲಿಪಾಟೀಲರದಂತೆ.

"ತ್ವಾಟದ ಕೆಲಸದವ್ರೇನು?" ಒಳಗಿನಿಂದ ಕಾಕಿಯ ಪ್ರಶ್ನೆ.

"ಹೂದೋಟದ ಮಾಲಿ ಅಲ್ರೀ ಕಾಕಿ. ಉರ್ದುದಾಗ ಮಾಲ್ ಅಂದ್ರ ಕಂದಾಯ." ನಿಜಾಮರ ಕಾಲದಲ್ಲಿ ಹಳ್ಳಿಯ ಕಂದಾಯ ನೋಡಿದವರು ಮಾಲಿಪಾಟೀಲರು, ಕಳವು-ಜಗಳ ನೋಡಿದವರು ಪೊಲೀಸ್ ಪಾಟೀಲರು. 1948ರಲ್ಲಿ ನಿಜಾಮಶಾಹಿ ಮುಗಿಯಿತು. 1961ರ ಕಾಯ್ದೆ ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನೇ ತೆಗೆಯಿತು. ಅಡ್ಡಹೆಸರು ಮಾತ್ರ ಮದುವೆ ಕಾರ್ಡಿನ ಮೇಲೆ ಇನ್ನೂ ಅಚ್ಚಾಗುತ್ತಿದೆ.

"ಹುಡುಗ ಏನ್ ಮಾಡ್ತಾನ ಕಾಕಾ?"

"ಸೇಡಂದಾಗ ಮಾಸ್ತರ್ಕಿ. ಐತಾರ ನೋಡ್ಲಿಕ್ಕ ಬರ್ತಾರ, ನೀನೂ ಬಾ."