ನಲವತ್ತೆರಡು ತಲೆ, ಒಬ್ಬರೇ ಮಿಸ್ಸು

ಡಿಸೆಂಬರ್ ಬಂತೆಂದರೆ ಮೈಸೂರಿನ ಒಂಟಿಕೊಪ್ಪಲಿನ ಟೂರ್ ಮಿಸ್ಸನ್ನು ಗುರುತಿಸುವುದು ಕಷ್ಟವಲ್ಲ. ಅವರ ತುಟಿ ಸದ್ದಿಲ್ಲದೆ ಅಲುಗುತ್ತಿರುತ್ತದೆ. ವೆಂಕಟರಮಣಸ್ವಾಮಿ ದೇವಸ್ಥಾನದ ಮುಂದೆ ಕಂಡವರು ಅಷ್ಟೋತ್ತರ ಇರಬೇಕು ಅಂದುಕೊಂಡು ದಾರಿ ಬಿಡುತ್ತಾರೆ. ಅದು ಅಷ್ಟೋತ್ತರವಲ್ಲ. 39, 40, 41, 42. ಮೂರನೇ ಕ್ಲಾಸಿನ ಒಟ್ಟು ಮಕ್ಕಳು.

ಹೋಗುವುದು ದೂರವೇನಲ್ಲ. ಕೆ.ಆರ್.ಎಸ್. ರಸ್ತೆ ಹಿಡಿದರೆ ಮೇಟಗಳ್ಳಿಯ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕಿಗೆ ಬಸ್ಸಿನಲ್ಲಿ ಕಾಲು ಗಂಟೆ. ಆದರೆ ತಯಾರಿ ಕಾಶಿಯಾತ್ರೆಯದು. ಹಿಂದಿನ ಮಿಸ್ಸುಗಳ ಕಾಲ ಚೆನ್ನಾಗಿತ್ತು. ಟೂರ್ ಅಂದರೆ 1892ರಲ್ಲಿ ಶುರುವಾದ ನಮ್ಮ ಮೃಗಾಲಯ, ಇಲ್ಲವೇ ಬೃಂದಾವನ. ಮೃಗಾಲಯದಲ್ಲಿ ತಪ್ಪಿಸಿಕೊಂಡು ಓಡುವ ಸ್ವಭಾವದವನ್ನೆಲ್ಲ ಬೋನಿಗೆ ಹಾಕಿರುತ್ತಾರೆ, ಮಕ್ಕಳನ್ನು ಬಿಟ್ಟು. ಈಗಿನ ಪಾರ್ಕಿನಲ್ಲಿ ಬೋನೂ ಇಲ್ಲ, ನೆಲವೆಲ್ಲ ಒದ್ದೆ.

ಊರೂರಿಗೆ ಪಂಚಾಂಗ ಕೊಟ್ಟ ಬಡಾವಣೆ ಇದು. ಹಾಗಾಗಿ ಟೂರಿನ ದಿನ ಗೊತ್ತಾದ ಕೂಡಲೇ ಒಬ್ಬರಾದರೂ ತಾತ ಗೇಟಿಗೆ ಬರುತ್ತಾರೆ. "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ ಕಣಮ್ಮ. ಅಷ್ಟರೊಳಗೆ ಹೊರಟುಬಿಡಿ." ಎಂಟು ಐವತ್ತೈದಕ್ಕೆ ನೋಡಿದರೆ ಆರು ಮಕ್ಕಳು ಇನ್ನೂ ಬಂದಿರುವುದಿಲ್ಲ. ಮಿಸ್ಸು ಡ್ರೈವರಿಗೆ ಹೇಳಿ ಬಸ್ಸನ್ನು ಮಾತೃಮಂಡಳಿ ಸರ್ಕಲ್ಲಿನವರೆಗೆ ಒಯ್ದು ಅಲ್ಲಿ ನಿಲ್ಲಿಸುತ್ತಾರೆ. ಪ್ರಸ್ಥಾನ ಆಯಿತು! ಉಳಿದ ಆರು ಜನ ಸ್ಕೂಟರಿನಲ್ಲಿ, ಆಟೋದಲ್ಲಿ, ಒಬ್ಬ ತಂದೆಯ ಹೆಗಲ ಮೇಲೆ ಬಂದು ರಾಹುಕಾಲದಲ್ಲೇ ಹತ್ತಿಕೊಳ್ಳುತ್ತಾರೆ. ಬಸ್ಸು ಹೊರಟದ್ದಂತೂ ಒಂಬತ್ತರೊಳಗೆ.

ಅವರ ಬ್ಯಾಗಿನ ಬಗ್ಗೆ ಹೇಳಲೇಬೇಕು. ನಿಂಬೆಹಣ್ಣು, ಗ್ಲೂಕೋಸ್ ಪುಡಿ, ಸೇಫ್ಟಿ ಪಿನ್ನು, ಅಮೃತಾಂಜನ, ವಾಂತಿಗೆ ಪ್ಲಾಸ್ಟಿಕ್ ಕವರು, ಯಾರಿಗಾದರೂ ಆಗಲಿ ಅಂತ ಎರಡು ಒಣ ಚಡ್ಡಿ. ಅದರ ಮೇಲೆ ಪೋಷಕರ ಹರಕೆಗಳು: "ಮಿಸ್, ಇವನನ್ನ ಕಿಟಕಿ ಪಕ್ಕ ಕೂರಿಸಿ," "ಮಿಸ್, ಇವಳನ್ನ ಕಿಟಕಿ ಪಕ್ಕ ಮಾತ್ರ ಕೂರಿಸಬೇಡಿ," "ಮಿಸ್, ನೀರಿಗೆ ಇಳಿಸಿ, ಆದ್ರೆ ತಲೆ ನೆನೀಬಾರದು."

ಒಣಗಿದ್ದಾಗ 42 ಮಕ್ಕಳಿಗೆ 42 ಮುಖ. ನೀರಿಗೆ ಇಳಿದ ಐದೇ ನಿಮಿಷಕ್ಕೆ ಎಲ್ಲರಿಗೂ ಒಂದೇ ಮುಖ. ಟೋಪಿಯ ಬಣ್ಣವನ್ನು ನಂಬಿ ಎಣಿಸೋಣವೆಂದರೆ ಆ ದಿನವೇ ಮಂಡ್ಯ ಕಡೆಯ ಇನ್ನೊಂದು ಶಾಲೆಯೂ ಹಳದಿ ಟೋಪಿಯಲ್ಲೇ ಬಂದಿರುತ್ತದೆ. ಜೊತೆಗಿರುವ ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಾರೆ. 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬರೆದ ಕುವೆಂಪು ಅವರ ಮನೆ 'ಉದಯರವಿ' ಇರುವುದು ಈ ಆಸುಪಾಸಿನಲ್ಲೇ. ಜೋಗಿ ಕಿಂದರಿ ನುಡಿಸಿದರೆ ಊರಿನ ಮಕ್ಕಳೆಲ್ಲ ಹಿಂದೆ ಬಂದರು. ಮೇಷ್ಟ್ರು ಸೀಟಿ ಊದಿದರೆ ಬರುವುದು ಪಕ್ಕದ ಶಾಲೆಯವರು. ಎಣಿಸಿದರೆ 43! ಕಡಿಮೆಯಾದರೆ ಹುಡುಕಬಹುದು, ಹೆಚ್ಚಾದರೆ ಏನು ಮಾಡುವುದು? "ನೀನು ಯಾವ ಸ್ಕೂಲೋ?" ಎಂದು ಕೇಳಿದರೆ ಆ ಹುಡುಗ, "ನಮ್ ಮಿಸ್ ಊಟ ಮಾಡ್ತಿದಾರೆ, ನಿಮ್ ಜೊತೆ ಇರ್ತೀನಿ" ಎನ್ನುತ್ತಾನೆ.

ಅವನನ್ನು ಅವನ ಮಿಸ್ಸಿಗೆ ಒಪ್ಪಿಸಿ ಬಂದು ಎಣಿಸಿದರೆ 41. ಮಿಸ್ಸಿನ ಬಾಯಿ ಒಣಗುತ್ತದೆ. ಶೌಚಾಲಯ, ಚಪ್ಪಲಿ ಬಿಟ್ಟ ಜಾಗ, ಐಸ್‌ಕ್ರೀಮ್ ಅಂಗಡಿ ಎಲ್ಲ ನೋಡಿದ್ದಾಯಿತು. ವೇದಾಂತಿಗಳು ಹೇಳುವ ಹತ್ತನೆಯವನ ಕಥೆ ಗೊತ್ತಲ್ಲ? ಹೊಳೆ ದಾಟಿದ ಹತ್ತು ಜನರಲ್ಲಿ ಎಣಿಸಿದ ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಮುಳುಗಿದ ಅಂತ ಎಲ್ಲರೂ ಅತ್ತರಂತೆ. ಇಲ್ಲಿ ಬಿಟ್ಟುಹೋದದ್ದು ಬೆಳಗ್ಗೆಯಿಂದ ಮಿಸ್ಸಿನ ಎಡಗೈ ಹಿಡಿದು ಒಂದೇ ಒಂದು ಆಟಕ್ಕೂ ಹೋಗದ ಪುಟ್ಟ ಹುಡುಗಿ. ಹುಡುಕಾಟದುದ್ದಕ್ಕೂ ಅವಳೂ ಜೊತೆಗೇ ಓಡಿದ್ದಾಳೆ. "ಯಾರು ಕಳೆದುಹೋದ್ರು ಮಿಸ್?" ಎಂದು ನಾಲ್ಕು ಸಲ ಕೇಳಿಯೂ ಇದ್ದಾಳೆ.

ನಗು ಬರುತ್ತದೆ, ನಿಜ. ಆದರೆ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಹೋದ ನಾಲ್ವರು ಹುಡುಗಿಯರು ಮುರ್ಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ಮಿಸ್ಸು ಎಣಿಕೆಯನ್ನು ಗಂಟೆಗೊಂದು ಸಲದಿಂದ ಹತ್ತು ನಿಮಿಷಕ್ಕೊಂದು ಸಲಕ್ಕೆ ಇಳಿಸಿದ್ದಾರೆ. ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ.

ದೊಡ್ಡ ಮಕ್ಕಳ ಟೂರಿಗೂ ಅವರೇ ಬೇಕು. ಅದು ಬಿಡದಿಯ ವಂಡರ್‌ಲಾಗೆ. 2005ರಲ್ಲಿ ಶುರುವಾದ ಆ ಪಾರ್ಕಿನಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. ರೈಡುಗಳಿಗೂ ಇಷ್ಟೇ ಎತ್ತರ ಇರಬೇಕೆಂಬ ಕಟ್ಟಳೆ. ಏಳನೇ ಕ್ಲಾಸಿನ ಹುಡುಗರ ದೇಹ ಹೇಗೆ ಬೇಕಾದರೂ ಬಗ್ಗುತ್ತದೆ ಎಂಬುದನ್ನು ಮಿಸ್ಸು ಅಲ್ಲಿ ಕಂಡುಕೊಂಡರು. ಟಿಕೆಟ್ಟಿನ ಅಳತೆಗೋಲಿನ ಮುಂದೆ ಮಂಡಿ ಮಡಿಸಿ ಕುಬ್ಜನಾಗಿದ್ದವನು ದೊಡ್ಡ ರೈಡಿನ ಅಳತೆಗೋಲಿನ ಮುಂದೆ ತುದಿಗಾಲಲ್ಲಿ ತ್ರಿವಿಕ್ರಮನಾಗಿದ್ದ.

ಮಿಸ್ಸು ಮಾತ್ರ ಯಾವ ಆಟಕ್ಕೂ ಹತ್ತಿದವರಲ್ಲ. ಜೈಂಟ್ ವೀಲು, ಕೊಲಂಬಸ್ಸು, ಡ್ಯಾಶಿಂಗ್ ಕಾರು ಎಲ್ಲವನ್ನೂ ಅವರು ಕೆಳಗಿನಿಂದಲೇ ಬಲ್ಲರು. ನೆರಳಿರುವ ಬೆಂಚು ಯಾವುದು, ಅಲ್ಲಿಂದ ಗೇಟು ಕಾಣುತ್ತದೋ ಇಲ್ಲವೋ, "ಮಿಸ್, ಒಂದಕ್ಕೆ" ಎಂದರೆ ಎಷ್ಟು ಹೆಜ್ಜೆ, "ಎರಡಕ್ಕೆ" ಎಂದರೆ ಎಷ್ಟು ಓಟ, ಇದು ಅವರ ಪಾರ್ಕು. ಅಮೆರಿಕದ ವಾಲ್ಟ್ ಡಿಸ್ನಿ ಕೂಡ ಹೀಗೇ ಒಂದು ಬೆಂಚಿನ ಮೇಲೆ ಕೂತವನು. ತನ್ನ ಹೆಣ್ಣುಮಕ್ಕಳಿಬ್ಬರು ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ತಿರುಗುವ ಕುದುರೆ ಹತ್ತಿದ್ದಾಗ ಈತ ಕಡಲೆಕಾಯಿ ತಿನ್ನುತ್ತಾ, ದೊಡ್ಡವರೂ ಮಕ್ಕಳ ಜೊತೆ ಆಡುವಂಥ ಜಾಗ ಬೇಕಲ್ಲ ಎಂದು ಯೋಚಿಸಿದನಂತೆ. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಕಡಲೆಕಾಯಿ ಈಗ ಮಿಸ್ಸಿನ ಕೈಯಲ್ಲಿದೆ. ಅದನ್ನೂ 42ರಲ್ಲಿ ಯಾರೋ ಒಬ್ಬರು ಆಗಾಗ ಬಂದು ತಿಂದು ಹೋಗುತ್ತಾರೆ.

ಸಂಜೆ ಶಾಲೆಯ ಗೇಟಿನಲ್ಲಿ ಲೆಕ್ಕ ಇಳಿಮುಖ: 42, 30, 11, 1, ಸೊನ್ನೆ. ಮನೆ ಸೇರಿ ಕಾಫಿ ಬೆರೆಸುವಷ್ಟರಲ್ಲಿ ವಾಟ್ಸಾಪ್ ಶುರು. "ಮಿಸ್, ಒಂದೇ ಸಾಕ್ಸ್ ಬಂದಿದೆ." "ಮಿಸ್, ನಮ್ಮನೆಗೆ ಎರಡು ಟೋಪಿ." "ಮಿಸ್, ಈ ಚಡ್ಡಿ ಇವನದಲ್ಲ, ಆದ್ರೆ ಚೆನ್ನಾಗಿ ಆಗ್ತಿದೆ."

ಸೋಮವಾರ ಕ್ಲಾಸಿನಲ್ಲಿ 'ನನ್ನ ಪ್ರವಾಸ' ಎಂದು ಚಿತ್ರ ಬರೆಸುತ್ತಾರೆ. ಎಡಗೈ ಹುಡುಗಿಯ ಚಿತ್ರದಲ್ಲಿ ಬಸ್ಸಿದೆ, ಜೈಂಟ್ ವೀಲಿದೆ, ಬಸ್ಸಿಗಿಂತ ದೊಡ್ಡ ಬ್ಯಾಗು ಹಿಡಿದ ಮಿಸ್ಸಿದ್ದಾರೆ, ಸುತ್ತ ಕಡಲೆಕಾಳಿನಷ್ಟು ತಲೆಗಳು. ಮಿಸ್ಸಿನ ಬೆರಳು ತಾನಾಗಿಯೇ ಓಡುತ್ತದೆ. 41.

"ನೀನೆಲ್ಲೇ ಇದರಲ್ಲಿ?"

"ನಿಮ್ ಬ್ಯಾಗ್ ಹಿಂದೆ ಇದೀನಿ ಮಿಸ್. ಕಾಣಲ್ಲ."